ಜೀಪಿಗೆ ಮೊದಲು ಗ್ರೀಸು, ಆಮೇಲೆ ಸಿಂಗಾರ

ಹಳೇ ಜೀಪು ಇಟ್ಟುಕೊಂಡವರಿಗೆ ಸಲಹೆಗೇನೂ ಬರವಿಲ್ಲ. ಬುಕ್ಕಾಪಟ್ಟಣದಲ್ಲಿ ಟೀ ಅಂಗಡಿ ಮುಂದೆ ಒಂದು ಗಳಿಗೆ ನಿಲ್ಲಿಸಿದರೆ ಸಾಕು, ನಾಲ್ಕು ಜನ ಬಾನೆಟ್ ಸುತ್ತ ಸೇರುತ್ತಾರೆ. “ಇನ್ನೂ ಇಟ್ಕಂಡಿದೀರಲ್ಲ ಯಜಮಾನ್ರೆ, ತೂಕಕ್ಕೆ ಹಾಕ್ಬುಡಿ” ಎಂದು ಒಬ್ಬರು. “ಬ್ಯಾಡ ಅಣ್ಣ, ದೊಡ್ಡ ಟೈರ್ ಹಾಕ್ಸಿ, ಎತ್ತರ ಮಾಡ್ಸಿ, ಮೇಲೊಂದು ಸಾಲು ಲೈಟ್ ಕೂರಿಸಿ, ಥಾರ್‌ಗಿಂತ ಜೋರಾಗಿ ಕಾಣ್ತದೆ” ಎಂದು ಕಾಲೇಜು ಹುಡುಗ. “ಪಂಪು, ನಾಜಲ್ ಒಂದ್ಸಲ ತೋರಿಸಿ, ಬುಷ್ ಎಲ್ಲಾ ಹೊಸದು ಹಾಕ್ಸಿ, ಇನ್ನೂ ಹತ್ತು ವರ್ಷ ಅಲ್ಲಾಡಲ್ಲ” ಎಂದು ಲಾರಿ ಓಡಿಸಿ ನಿವೃತ್ತರಾದ ಹಿರಿಯರು. ಈ ಮೂವರಲ್ಲಿ ನನ್ನ ಓಟು ಯಾವತ್ತೂ ಆ ಹಿರಿಯರಿಗೆ. ಹಳೇ ಗಾಡಿಗೆ ಹೊಸದೇನನ್ನಾದರೂ ಸೇರಿಸುವ ಮೊದಲು, ಅದು ಕಾರ್ಖಾನೆಯಿಂದ ಹೊರಟಾಗ ಏನಿತ್ತೋ ಅದನ್ನು ಅದಕ್ಕೆ ವಾಪಸ್ ಕೊಡಬೇಕು ಎಂಬುದೇ ಈ ಹರಟೆಯ ಒಟ್ಟು ವಾದ.

ನನ್ನದು ಮಹೀಂದ್ರಾ ಎಂಎಂ 540. ಒಂದು ಇಲಾಖೆಯಲ್ಲಿ ದುಡಿದು, ಹರಾಜಿಗೆ ಬಂದು, ಕೈಯಿಂದ ಕೈಗೆ ದಾಟಿ ನಮ್ಮ ಮನೆ ಅಂಗಳ ಸೇರಿದ ಗಾಡಿ. ಮಹೀಂದ್ರಾದವರು ಈ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಶುರುಮಾಡಿದ್ದು 1947ರಲ್ಲಿ. ಅಲ್ಲಿಂದ ಮುಂದೆ ಹಳ್ಳಿಗೆ ಸರ್ಕಾರ ಬಂದದ್ದು ಬಹುಪಾಲು ಜೀಪಿನಲ್ಲೇ. ಪಶುವೈದ್ಯರು, ಬಿ.ಡಿ.ಒ. ಸಾಹೇಬರು, ಕರೆಂಟಿನವರು, ಪೊಲೀಸರು, ಚುನಾವಣೆ ಬಂದರೆ ಮೈಕು ಕಟ್ಟಿದ ಅಭ್ಯರ್ಥಿಗಳು, ಎಲ್ಲರೂ ಇಳಿದದ್ದು ಅದರಿಂದಲೇ. ಎಂಬತ್ತರ ದಶಕದಲ್ಲಿ ಬಂದ 540ಕ್ಕೆ ಪ್ಯೂಜೋ ಕಂಪನಿಯ ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಎಂಜಿನ್. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರು, 83 ಮಿಲಿಮೀಟರ್ ಸ್ಟ್ರೋಕು, ಒಟ್ಟು 2,112 ಸಿಸಿ. ಶಕ್ತಿ ಅರವತ್ತೆರಡು ಕುದುರೆಯಷ್ಟು. ಇವತ್ತಿನ ಸಣ್ಣ ಕಾರುಗಳಿಗೂ ಅದಕ್ಕಿಂತ ಹೆಚ್ಚಿರುತ್ತದೆ. ಆದರೆ ಜೀಪಿಗೆ ಬೇಕಾದ ಜೋರು ಬರುವುದು ಗೇರಿನಿಂದ. ಅದನ್ನು ಆಮೇಲೆ ಹೇಳುತ್ತೇನೆ.

ಇಂಥ ಗಾಡಿ ಎಷ್ಟು ಓಡಿದೆ ಎಂದು ಮೀಟರ್ ನೋಡಿ ಹೇಳಲು ಬರುವುದಿಲ್ಲ. ಹಳೇ ಮೀಟರುಗಳಲ್ಲಿ ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆ. ಎಷ್ಟು ಸುತ್ತು ಹಾಕಿದೆ ಎಂಬುದಕ್ಕೆ ಲೆಕ್ಕ ಇಟ್ಟವರಿಲ್ಲ. ಹಾಗಾಗಿ ಕೊಳ್ಳುವವರು ಬೇರೆ ಕಡೆ ನೋಡಬೇಕು. ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿದೆಯೇ, ಮುಂದಿನ ಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟ ಎಷ್ಟಿದೆ, ಸ್ಟೀರಿಂಗ್ ತಿರುಗಿಸಿದ ಮೇಲೆ ಎಷ್ಟು ಹೊತ್ತಿಗೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಗುಟ್ಟುತ್ತದೆಯೇ. ಛಾಸಿಯ ಕೆಳಗೆ ಮಲಗಿ ಒಂದು ಸ್ಕ್ರೂಡ್ರೈವರಿನಿಂದ ಕುಕ್ಕಿ ನೋಡಿದರೆ ತುಕ್ಕು ಎಲ್ಲಿಯವರೆಗೆ ತಿಂದಿದೆ ಎಂದು ಗೊತ್ತಾಗುತ್ತದೆ. ಈ ವಿಷಯದಲ್ಲಿ ನಮ್ಮ ಸೀಮೆಯ ಗಾಡಿಗಳು ಪುಣ್ಯ ಮಾಡಿವೆ. ಕರಾವಳಿಯ ಜೀಪನ್ನು ಉಪ್ಪುಗಾಳಿ ತಿನ್ನುತ್ತದೆ. ಶಿರಾ ಪಾವಗಡದ ಒಣ ಹವೆಯಲ್ಲಿ ತಗಡು ಬಹಳ ಕಾಲ ಬಾಳುತ್ತದೆ.

ಬಯಲುಸೀಮೆಯವರಿಗೆ ಫೋರ್ ವೀಲ್ ಯಾಕೆ, ಅದು ಮಲೆನಾಡಿನವರಿಗೆ ಎನ್ನುವವರಿದ್ದಾರೆ. ಹುಳಿಯಾರಿನಿಂದ ಬುಕ್ಕಾಪಟ್ಟಣದ ಮೇಲೆ ಶಿರಾಕ್ಕೆ, ಅಲ್ಲಿಂದ ಮಧುಗಿರಿಗೆ ಹೋಗುವ ಹೆದ್ದಾರಿಯಲ್ಲಿ ಖಂಡಿತ ಬೇಕಾಗಿಲ್ಲ. ಹೆದ್ದಾರಿ ಬಿಟ್ಟು ಹೊಲದ ದಾರಿಗೆ ಇಳಿಯಿರಿ, ಆಗ ಗೊತ್ತಾಗುತ್ತದೆ. ನಮ್ಮಲ್ಲಿ ಹಳ್ಳಗಳು ವರ್ಷದ ಬಹುಪಾಲು ಒಣಗಿ ಮರಳಾಗಿ ಬಿದ್ದಿರುತ್ತವೆ. ಆ ಮರಳಿನಲ್ಲಿ ಹಿಂದಿನ ಎರಡು ಚಕ್ರ ಸುಮ್ಮನೆ ಗುಂಡಿ ತೋಡುತ್ತವೆ. ಕಡಲೆಕಾಯಿ ಕಿತ್ತು ಮೂಟೆ ಕಟ್ಟುವ ಹೊತ್ತಿಗೇ ಹಿಂಗಾರು ಮಳೆ ಹಿಡಿದರೆ ಕೆಮ್ಮಣ್ಣಿನ ದಾರಿ ಸಾಬೂನಿನಷ್ಟು ಜಾರು. ಕೆರೆ ಅಂಗಳದ ಗೋಡು ಮಣ್ಣಂತೂ ಟ್ರ್ಯಾಕ್ಟರನ್ನೇ ಕೂರಿಸುತ್ತದೆ. 2022ರ ಮಳೆಗಾಲವನ್ನು ಈ ಕಡೆಯವರು ಯಾರೂ ಮರೆಯುವಂತಿಲ್ಲ. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ ಅದು. ಮಳೆಗಾಲದಲ್ಲೂ ನೀರು ಕಾಣದಿದ್ದ ಹಳ್ಳಗಳು ಮೈದುಂಬಿದಾಗ ಜೀಪಿನ ಬೆಲೆ ಊರಿಗೇ ತಿಳಿಯಿತು. ಔಷಧಿಗೆ, ಹೆರಿಗೆಗೆ, ಹಾಲಿನ ಕ್ಯಾನಿಗೆ ಹಳೇ ಗಾಡಿಗಳನ್ನೇ ಜನ ಹುಡುಕಿಕೊಂಡು ಬಂದರು.

ಈಗ ಗೇರಿನ ವಿಷಯ. ಜೀಪಿನಲ್ಲಿ ಮಾಮೂಲಿ ಗೇರ್ ಲಿವರಿನ ಪಕ್ಕ ಟ್ರಾನ್ಸ್‌ಫರ್ ಕೇಸಿಗೆ ಸೇರಿದ ಚಿಕ್ಕ ಲಿವರ್ ಇರುತ್ತದೆ, ಕೆಲವದರಲ್ಲಿ ಎರಡು. ಅದು ಮಾಡುವ ಕೆಲಸ ಎರಡು: ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವುದು ಒಂದು, ಲೋ ಗೇರು ಇನ್ನೊಂದು. ಲೋ ಹಾಕಿದರೆ ವೇಗ ಸುಮಾರು ಎರಡೂವರೆ ಪಟ್ಟು ಇಳಿದು ಎಳೆಯುವ ಶಕ್ತಿ ಅಷ್ಟೇ ಪಟ್ಟು ಏರುತ್ತದೆ. ಅರವತ್ತೆರಡು ಕುದುರೆ ಅಲ್ಲಿ ಧಾರಾಳವಾಗಿ ಸಾಕು.

ಇಲ್ಲೊಂದು ಮಾತನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ. ಈ ಗಾಡಿಗಳ ಫೋರ್ ವೀಲ್ ಡಾಂಬರಿಗಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಆ ವ್ಯತ್ಯಾಸವನ್ನು ನುಂಗುವ ಡಿಫರೆನ್ಷಿಯಲ್ ಈ ಜೀಪುಗಳಲ್ಲಿ ಇಲ್ಲ. ಮರಳಿನಲ್ಲಾದರೆ ಚಕ್ರ ಒಂದಿಷ್ಟು ಜಾರಿ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟುಗಳು ಒಳಗೊಳಗೇ ತಿರುಚಿಕೊಳ್ಳುತ್ತವೆ, ಲಿವರ್ ಕಚ್ಚಿಕೊಂಡು ಬಿಡುವುದೇ ಇಲ್ಲ. ಹಾಗಾದಾಗ ಲಿವರಿನ ಜೊತೆ ಜಗಳಕ್ಕೆ ಇಳಿಯಬಾರದು. ನಾಲ್ಕು ಗಜ ರಿವರ್ಸ್ ಹೋದರೆ ತಿರುಚು ಬಿಟ್ಟು ಲಿವರ್ ತಾನಾಗಿ ಬರುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರುಗಳು ಒಂದೇ ಅಳತೆಯವು, ಹೆಚ್ಚುಕಮ್ಮಿ ಒಂದೇ ಸವೆತದವು ಇರಬೇಕು. ಮುಂದೆ ಹೊಸದು ಹಿಂದೆ ಬೋಳು ಹಾಕಿಕೊಂಡು ಫೋರ್ ವೀಲ್ ಹಾಕಿದರೆ ನೇರ ದಾರಿಯಲ್ಲೂ ಅದೇ ತಿರುಚು.

ಶಿರಾದಲ್ಲಿ ನಾನು ಗಾಡಿ ಬಿಡುವ ಗ್ಯಾರೇಜಿನ ಮೇಸ್ತ್ರಿ ಹಳೇ ಎನ್‌ಎಚ್ 4ರ ಲಾರಿಗಳ ಮೇಲೆ ಕೈ ಪಳಗಿಸಿಕೊಂಡವರು. ಬೆಂಗಳೂರು ಪುಣೆ ನಡುವಿನ ಆ ರಸ್ತೆಗೆ ಈಗ 48 ಎಂಬ ನಂಬರು. ಶಿರಾ ಎಂಬ ಊರೇ ದಾರಿಯ ಮೇಲೆ ಬದುಕಿದ ಊರು. ಹದಿನೇಳನೇ ಶತಮಾನದ ಕೊನೆಗೆ ಮೊಘಲರು ಇದನ್ನು ತಮ್ಮ ಸುಬಾದ ಕೇಂದ್ರ ಮಾಡಿಕೊಂಡಾಗ ಸೈನ್ಯ, ಕುದುರೆ, ಬಂಡಿ ಎಲ್ಲ ಇಲ್ಲೇ ತಂಗುತ್ತಿದ್ದವು. ಲಾರಿಯ ಕಾಲ ಬಂದಾಗ ಲೇತು, ವೆಲ್ಡಿಂಗು, ಪಟ್ಟಿ ಹೊಡೆಯುವವರು, ರೇಡಿಯೇಟರ್ ಬೆಸುಗೆಯವರು ಹೆದ್ದಾರಿ ಬದಿಗೆ ಸಾಲಾಗಿ ಕೂತರು. ನಮ್ಮ ಮೇಸ್ತ್ರಿ ಆ ಸಾಲಿನವರು.

ಅವರು ಜೀಪಿಗೆ ಗ್ರೀಸ್ ಹೊಡೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಗನ್ ಎತ್ತುವ ಮೊದಲು ಕೈಯಲ್ಲಿ ಬನಿಯನ್ ಬಟ್ಟೆ. ಒಂದೊಂದು ನಿಪ್ಪಲಿನ ತಲೆಯನ್ನೂ ಒರೆಸುತ್ತಾರೆ. ಮೇಲೆ ಕೂತ ಮಣ್ಣನ್ನು ಹಾಗೇ ಬಿಟ್ಟು ಗನ್ ಒತ್ತಿದರೆ ಗ್ರೀಸಿಗಿಂತ ಮೊದಲು ಮರಳೇ ಒಳಗೆ ಹೋಗುತ್ತದೆ. ಶ್ಯಾಕಲ್‌ಗಳಿಂದ ಶುರು. ಒಂದು ಪಂಪು, ಎರಡು ಪಂಪು. ಪಿನ್ನಿನ ಅಂಚಿನಿಂದ ಮೊದಲು ಬರುವುದು ಕೆಮ್ಮಣ್ಣು ಬೆರೆತ ಗಟ್ಟಿ ಕೆಸರು. ಅವರು ನಿಲ್ಲಿಸುವುದಿಲ್ಲ. ಕೆಂಪು ಹೋಗಿ ಕಪ್ಪು, ಕಪ್ಪು ಹೋಗಿ ಹೊಸ ಗ್ರೀಸಿನ ಬಣ್ಣವೇ ಎಳೆಯಾಗಿ ಹೊರಗೆ ಇಣುಕಿದ ಮೇಲೆ ಮುಂದಿನದಕ್ಕೆ. ನಿಪ್ಪಲ್ ಕಟ್ಟಿಕೊಂಡಿದ್ದರೆ ಬಿಚ್ಚಿ ಹೊಸದು ಹಾಕುತ್ತಾರೆ. ಹತ್ತಾರು ರೂಪಾಯಿಯ ಸಾಮಾನು ಅದು. ಆಮೇಲೆ ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸುತ್ತಾರೆ. ಕ್ರಾಸಿನಲ್ಲಿ ಕೂದಲೆಳೆಯಷ್ಟು ಆಟವಿದ್ದರೂ ‘ಕಟ್’ ಎಂದು ಸಣ್ಣ ಸದ್ದು. ಆ ಸದ್ದು ಕೇಳಿದರೆ ಕ್ರಾಸ್ ಬಿಚ್ಚಲೇಬೇಕು. ನಾಲ್ಕು ಬಟ್ಟಲಿನೊಳಗಿನ ಸೂಜಿ ಬೇರಿಂಗುಗಳಲ್ಲಿ ಒಂದು ಒಣಗಿ ತುಕ್ಕು ಹಿಡಿದು ಪುಡಿಯಾಗಿರುತ್ತದೆ. “ಗ್ರೀಸ್ ಕುಡಿದಿದ್ರೆ ಇದು ಹಿಂಗಾಗ್ತಿರ್ಲಿಲ್ಲ, ಯಜಮಾನ್ರೆ” ಎಂದು ಅವರು ಆ ಪುಡಿಯನ್ನು ಅಂಗೈ ಮೇಲೆ ಇಟ್ಟು ತೋರಿಸುತ್ತಾರೆ. “ಪೂರ್ತಿ ಸೆಟ್ ಹಾಕ್ಬುಡಿ ಸಾಬ್ರೆ” ಎಂದರೆ, “ಹಿಂದಿನ ಕ್ರಾಸ್ ಚೆನ್ನಾಗದೆ, ಅದನ್ಯಾಕೆ ಸುಮ್ನೆ ಕೀಳೋದು” ಎನ್ನುತ್ತಾರೆ. ಚೆನ್ನಾಗಿರುವುದನ್ನು ಬಿಚ್ಚದೆ ಬಿಡುವುದೂ ವಿದ್ಯೆಯೇ. ಅದನ್ನು ಬಲ್ಲ ಮೇಸ್ತ್ರಿ ಸಿಕ್ಕರೆ ಅರ್ಧ ಜೀಪು ರಿಪೇರಿಯಾದಂತೆಯೇ.

ನಮ್ಮ ಸೀಮೆಯಲ್ಲಿ ಎಂಜಿನ್ನಿಗೆ ಎರಡು ವೈರಿಗಳು: ಧೂಳು ಮತ್ತು ನೀರು. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಅಲ್ಲಿ ಹಲಗೆಗಳ ಮೇಲಿನ ಧೂಳು ತೆಗೆಯುವುದೇ ಒಂದು ದೊಡ್ಡ ಕೆಲಸ. ಅದೇ ಧೂಳನ್ನೇ ನಮ್ಮ ಜೀಪುಗಳೂ ಉಸಿರಾಡುವುದು. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇರುವ ಗಾಡಿಯಾದರೆ ಕ್ಲಿಪ್ ಬಿಚ್ಚಿ ಬಟ್ಟಲು ನೋಡಿ: ಮೇಲೆ ಎಣ್ಣೆ, ತಳದಲ್ಲಿ ಬೆರಳು ಹುದುಗುವಷ್ಟು ಕೆಸರು. ಆ ಕೆಸರೆಲ್ಲ ಎಂಜಿನ್ ಒಳಗೆ ಹೋಗದೆ ಅಲ್ಲಿ ನಿಂತದ್ದು. ಬಟ್ಟಲು ತುಂಬಿದ ಮೇಲೆ ನಿಲ್ಲಲು ಜಾಗವಿಲ್ಲ. ಪಿಸ್ಟನ್ ರಿಂಗುಗಳನ್ನು ಸವೆಸುವುದರಲ್ಲಿ ಓಡಿದ ಕಿಲೋಮೀಟರಿಗಿಂತ ಧೂಳಿನ ಪಾಲೇ ದೊಡ್ಡದು ಎಂದು ಮೇಸ್ತ್ರಿ ಹೇಳುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೇಸಿಗೆಯಲ್ಲಿ ಪಾವಗಡದ ಕಡೆ ಓಡಾಡಿ ಬಂದರೆ ಆ ವಾರವೇ ಬಟ್ಟಲು ತೊಳೆಯಬೇಕು.

ನೀರಿನದು ಇನ್ನೊಂದು ಕಥೆ. ಶಿರಾ, ಮಧುಗಿರಿ, ಪಾವಗಡದ ಕೊಳವೆಬಾವಿಗಳ ಫ್ಲೋರೈಡಿನಿಂದ ಜನರ ಹಲ್ಲು ಮೂಳೆ ಕೆಟ್ಟ ಸಂಕಟ ಎಲ್ಲರಿಗೂ ಗೊತ್ತು. ಆ ನೀರು ಗಡಸು ಕೂಡ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟುವುದೂ ಅದೇ. ಹೊರಗಿನಿಂದ ರೇಡಿಯೇಟರ್ ಫಳಫಳ ಎನ್ನುತ್ತಿರುತ್ತದೆ, ಒಳಗೆ ಅರ್ಧ ಕೊಳವೆ ಮುಚ್ಚಿರುತ್ತವೆ. ಮಧುಗಿರಿ ದಾಟಿ ಏರು ಹತ್ತುವಾಗ ಮುಳ್ಳು ಕೆಂಪಿಗೆ ಹೋಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ತುಂಬಿದರೆ ಈ ರೋಗವೇ ಇಲ್ಲ. ಹೆಡ್ ಇಳಿಸುವ ಖರ್ಚಿನ ಮುಂದೆ ಅದೇನು ಮಹಾ.

ಹೊಗೆಯನ್ನೂ ಓದಲು ಕಲಿಯಬೇಕು. ಕಪ್ಪಾದರೆ ಡೀಸೆಲ್ ಹೆಚ್ಚು ಇಲ್ಲವೇ ಗಾಳಿ ಕಡಿಮೆ, ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಬಿಸಿಯಾದ ಮೇಲೂ ಬಿಳಿ ನಿಲ್ಲದಿದ್ದರೆ ಟೈಮಿಂಗೋ ನಾಜಲ್ಲೋ ನೀರೋ ನೋಡಬೇಕು. ಗೇರ್ ಆಯಿಲಿನ ಡಬ್ಬಿಯ ಮೇಲೆ ಜಿಎಲ್ 4, ಜಿಎಲ್ 5 ಎಂದು ಬರೆದಿರುವುದನ್ನು ನೋಡಿ ಕೊಳ್ಳಿ. ಡಿಫರೆನ್ಷಿಯಲ್‌ಗೆ ಜಿಎಲ್ 5. ಹಿತ್ತಾಳೆ ಸಿಂಕ್ರೋ ರಿಂಗುಗಳಿರುವ ಹಳೇ ಗೇರ್ ಬಾಕ್ಸಿಗೆ ಜಿಎಲ್ 4 ಕ್ಷೇಮ, 5ರಲ್ಲಿರುವ ಗಂಧಕದ ಅಂಶ ಹಿತ್ತಾಳೆಗೆ ಆಗಿಬರುವುದಿಲ್ಲ. ಅಂಗಡಿಯವರು “ಎರಡೂ ಒಂದೇ” ಎಂದರೆ ಒಪ್ಪಬೇಡಿ.

ಇಷ್ಟೆಲ್ಲ ಆದ ಮೇಲೆ ಹೊಸದು ಸೇರಿಸುವ ಮಾತು. ಇಲ್ಲಿ ನಮ್ಮ ಕಾಲೇಜು ಹುಡುಗನ ಆಸೆಯನ್ನು ನಾನು ತಳ್ಳಿಹಾಕುವುದಿಲ್ಲ. ಜೀಪು ನೋಡಲು ಚೆಂದವಿರಬೇಕು ಎಂಬ ಆಸೆ ಪ್ರೀತಿಯಿಂದಲೇ ಬರುವುದು. ಆದರೆ ಬ್ರೇಕು ಹಿಡಿಯದ ಗಾಡಿಗೆ ದೊಡ್ಡ ಟೈರು ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದಂತೆ. ಹಳೇ ಜೀಪಿನ ಅಳತೆ 6.00-16. ಅದಕ್ಕಿಂತ ಬಹಳ ದೊಡ್ಡದು ಹಾಕಿದರೆ ಆಕ್ಸಲ್ ಶಾಫ್ಟಿಗೆ ಹೊರೆ, ಸ್ಟೀರಿಂಗಿಗೆ ಹೊರೆ, ಎಂಜಿನ್ನಿಗೆ ಏರು ಕಷ್ಟ, ಬ್ರೇಕಿಗೆ ನಿಲ್ಲಿಸುವುದು ಕಷ್ಟ. ಸ್ಪೀಡೋಮೀಟರ್ ಕೂಡ ನಿಜ ಹೇಳುವುದಿಲ್ಲ. ಟೈರು ಕೊಳ್ಳುವಾಗ ಅಂಚಿನಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡಿ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಗುಂಡಿ ಆಳವಿದ್ದರೂ ವಯಸ್ಸಾದ ರಬ್ಬರನ್ನು ನಂಬಲಾಗದು.

ಮೊದಲ ದುಡ್ಡು ಬ್ರೇಕಿಗೆ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಬಹಳ ಹಳೇ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರಿನಿಂದ ಹೊರಡುವುದು ಒಂದೇ ಸರ್ಕ್ಯೂಟು. ಎಲ್ಲೋ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಮುಂದಕ್ಕೆ ಹಿಂದಕ್ಕೆ ಬೇರೆ ಬೇರೆ ಮಾಡುವ ಜೋಡಿ ಸಿಲಿಂಡರ್, ಒಂದು ಬೂಸ್ಟರ್, ಆಗುವುದಾದರೆ ಮುಂದೆ ಡಿಸ್ಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹಳ್ಳ ದಾಟಿದ ಮೇಲೆ ಪೆಡಲನ್ನು ಮೆಲ್ಲಗೆ ಒತ್ತುತ್ತಾ ನೂರು ಗಜ ಹೋಗಿ ಡ್ರಮ್ಮು ಒಣಗಿಸಿಕೊಳ್ಳಬೇಕು. ಎರಡನೆಯದು ಬೆಳಕು. ಮೇಲೊಂದು ಸಾಲು ಲೈಟು ಬೇಕಾಗಿಲ್ಲ. ಹಳೇ ಸಪೂರ ವೈರಿನಲ್ಲಿ ವೋಲ್ಟೇಜು ಇಳಿದು ಹೆಡ್‌ಲೈಟು ಮಂಕಾಗಿರುತ್ತದೆ, ರಿಲೇ ಹಾಕಿ ದಪ್ಪ ವೈರು ಎಳೆದರೆ ಅದೇ ದೀಪ ಹಗಲು ಮಾಡುತ್ತದೆ. ಮೂರನೆಯದು ಸೀಟ್ ಬೆಲ್ಟು. ಬಾಗಿಲೂ ಇಲ್ಲದ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಚಿಕ್ಕ ಕೆಲಸ ನನಗೆ ಬಹಳ ಇಷ್ಟ, ಆಕ್ಸಲ್ ಬ್ರೀದರಿನದು. ಓಡಿ ಬಿಸಿಯಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆ ಎಳೆಯುತ್ತದೆ. ವಾರ ಬಿಟ್ಟು ಡ್ರೈನ್ ಪ್ಲಗ್ ಬಿಚ್ಚಿದರೆ ಆಯಿಲ್ ಬದಲು ಹಾಲಿನ ಬಣ್ಣದ ನೊರೆ. ಬ್ರೀದರಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಕಟ್ಟಿದರೆ ಕ್ರೌನ್ ಪಿನಿಯನ್ ಉಳಿಯುತ್ತದೆ.

ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಮುಂದೆ ಕೂರಿಸುವ ದಪ್ಪ ಕಬ್ಬಿಣದ ಬುಲ್ ಬಾರ್ ಕೂಡದು ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸಿ, ಇನ್ಶೂರೆನ್ಸಿನವರಿಗೂ ತಿಳಿಸಿ. ಖಾಸಗಿ ಗಾಡಿಗೆ ಹದಿನೈದು ವರ್ಷ ತುಂಬಿದರೆ ಆಯುಸ್ಸು ಮುಗಿಯಿತು ಎಂದು ಹೆದರಿಸುವವರಿದ್ದಾರೆ. ಅದು ದಿಲ್ಲಿಯ ಕಥೆ ಕೇಳಿ ಬಂದ ಹೆದರಿಕೆ. ನಮ್ಮಲ್ಲಿ ಗಾಡಿ ತೋರಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿಗಳು ಮಾತ್ರ ಗುಜರಿಗೇ ಹೋಗಬೇಕು. ಇಲಾಖೆಯ ಹಳೇ ಜೀಪು ಹರಾಜಿನಲ್ಲಿ ರೈತನ ಮನೆ ಸೇರುತ್ತಿದ್ದ ದಾರಿ ಹೀಗೆ ಮುಚ್ಚಿತು. ಇರುವ ಜೀಪುಗಳನ್ನು ಚೆನ್ನಾಗಿ ಇಟ್ಟುಕೊಳ್ಳಲು ಇದೂ ಒಂದು ಕಾರಣ. ಪ್ಯೂಜೋ ಎಂಜಿನ್ನಿನ ಸಾಮಾನು ಈಗ ಸುಲಭಕ್ಕೆ ಸಿಗುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಬೇಕು, ಸಿಕ್ಕಾಗ ಒಂದೆರಡು ಹೆಚ್ಚಿಗೆ ತಂದಿಡಬೇಕು.

ಬೆಂಗಳೂರು ಎಂದ ಮೇಲೆ ನೆನಪಾಯಿತು. ಶನಿವಾರ ಭಾನುವಾರ ಅಲ್ಲಿಂದ ಫೋರ್ ವೀಲ್ ಗಾಡಿಗಳು ನಮ್ಮ ಕುರುಚಲು ಕಾಡು ಹುಡುಕಿಕೊಂಡು ಬರುತ್ತವೆ. ಅವರಿಗೂ, ನಮ್ಮೂರಿನ ಹುಡುಗರಿಗೂ ಒಂದು ಮಾತು. ಬುಕ್ಕಾಪಟ್ಟಣದ ಸುಮಾರು 136 ಚದರ ಕಿಲೋಮೀಟರ್ ಕಾಡು 2019ರಿಂದ ಚಿಂಕಾರ ವನ್ಯಜೀವಿ ಧಾಮ. ಬಾಗಲಕೋಟೆಯ ಯಡಹಳ್ಳಿ ಬಿಟ್ಟರೆ ಈ ಜಿಂಕೆಗಾಗಿಯೇ ರಾಜ್ಯದಲ್ಲಿ ಗುರುತಿಸಿದ ಜಾಗ ಇದು. ನೀರು ಸಿಗದಿದ್ದರೂ ಎಲೆಯ ತೇವದಲ್ಲೇ ದಿನ ದೂಡುವ, ಬಹಳ ನಾಚಿಕೆಯ ಪ್ರಾಣಿ. ಕೊಂಡುಕುರಿಯೂ ಇಲ್ಲಿದೆ. ನೋಡಲು ಬರೀ ಮುಳ್ಳು, ಕಲ್ಲು, ಹುಲ್ಲು. ಆ ಹುಲ್ಲಿನಲ್ಲೇ ಚಿಂಕಾರ ಮರಿ ಬಚ್ಚಿಡುವುದು. ಅನುಮತಿಯಿಲ್ಲದೆ ಒಳಗೆ ಗಾಡಿ ನುಗ್ಗಿಸುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕಾಯ್ದೆ ಇರದಿದ್ದರೂ ಮಾಡಬಾರದ ಕೆಲಸ ಅದು. ಫೋರ್ ವೀಲ್ ಇರುವುದು ಹೊಲಕ್ಕೆ, ಮನೆಗೆ, ಆಸ್ಪತ್ರೆಗೆ ತಲುಪಲು.

ಮತ್ತೆ ಮೇಸ್ತ್ರಿಯ ವಿಷಯಕ್ಕೆ ಬರುತ್ತೇನೆ, ನನಗೆ ನಿಜವಾದ ಚಿಂತೆ ಅಲ್ಲಿದೆ. ಕ್ರೌನ್ ಪಿನಿಯನ್ನಿಗೆ ಶಿಮ್ ಕೂರಿಸಿ ಹಲ್ಲು ಎಷ್ಟು ಕಚ್ಚಬೇಕೋ ಅಷ್ಟೇ ಕಚ್ಚಿಸುವುದು, ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ ಗುರುತು ಓದುವುದು, ಪಟ್ಟಿಯ ಬಾಗು ಕಣ್ಣಳತೆಯಲ್ಲೇ ಹೇಳುವುದು, ಇವನ್ನು ಬಲ್ಲವರಿಗೆ ವಯಸ್ಸಾಗುತ್ತಿದೆ. ಹೊಸ ಹುಡುಗರು ಸ್ಕ್ಯಾನರ್ ಸಿಕ್ಕಿಸಿ ದೋಷ ಓದುವುದರಲ್ಲಿ ಜಾಣರು. ಸ್ಕ್ಯಾನರ್ ಸಿಕ್ಕಿಸಲು ನಮ್ಮ ಜೀಪಿನಲ್ಲಿ ಜಾಗವೇ ಇಲ್ಲ, ಕಿವಿ ಮತ್ತು ಕೈಯೇ ಬೇಕು. ಐಟಿಐ ಮುಗಿಸಿದ ಹುಡುಗ ಒಂದೆರಡು ವರ್ಷ ಇವರ ಪಕ್ಕ ಕೂತರೆ ಜೀಪು, ಟ್ರ್ಯಾಕ್ಟರು, ಲಾರಿ ಯಾವುದು ಬಂದರೂ ಹೆದರದವನಾಗುತ್ತಾನೆ, ಅನ್ನಕ್ಕೂ ದಾರಿಯಾಗುತ್ತದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದಲ್ಲಿ ಇಂಥ ಮೇಸ್ತ್ರಿ ನಿಮಗೆ ಗೊತ್ತಿದ್ದರೆ, ನಿಮ್ಮೂರಿನ ಒಬ್ಬ ಹುಡುಗನನ್ನಾದರೂ ಈ ವರ್ಷವೇ ಅವರ ಗ್ಯಾರೇಜಿಗೆ ಸೇರಿಸಿ.